ಗೀಟು ಮುಟ್ಟಿದ ಎಂಜಲು

ನನ್ನ ದೇಹದ ಒಳಗುಟ್ಟನ್ನು ನಾನೇ ಬಯಲು ಮಾಡುತ್ತೇನೆಂದು ಪಣ ತೊಟ್ಟೆ. ಯಾವ ಡಾಕ್ಟರೂ ಬೇಡ! ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಗಂಡಸು ನಾನು. ಡಿಗ್ರಿ ಮುಗಿಸಿ ಕಚೇರಿಯ ದಾಖಲೆ ವಿಭಾಗ ಸೇರಿದವನು, ಹದಿನೈದು ವರ್ಷದಲ್ಲಿ ಒಂದೇ ಒಂದು ಕಾಲಂ ಖಾಲಿಯಿರುವ ಅರ್ಜಿಯನ್ನೂ ಒಳಗೆ ಬಿಟ್ಟಿಲ್ಲ. ಅಂಥವನಿಗೆ ಒಂದು ಪುಟ್ಟ ನಳಿಗೆಯೊಳಗೆ ಉಗುಳುವುದು ಯಾವ ಮಹಾವಿದ್ಯೆ?

ಹೆದರಿಕೆಯೂ ಇತ್ತು, ಸುಳ್ಳೇಕೆ ಹೇಳಲಿ. ಅಪ್ಪ ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಹೋದರು. ಚಿಕ್ಕಪ್ಪನದೂ ಅದೇ ದಾರಿ. ನನಗೀಗ ನಲವತ್ತೆರಡು. ಆ ಸರದಿಯಲ್ಲಿ ನನ್ನ ಹೆಸರೂ ಇದೆಯೇ ಎಂದು ತಿಳಿಯಬೇಕಿತ್ತು. ಮನೆಯಲ್ಲೇ ಮಾಡಿಕೊಳ್ಳುವ ಜೀನ್ ಪರೀಕ್ಷೆಯ ಡಬ್ಬಿ ತರಿಸಿದೆ.

ಡಬ್ಬಿಯ ಮೇಲೆ ‘ಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಮಾತನಾಡಿ’ ಎಂದಿತ್ತು. ಹೆಂಡತಿ ಬೆರಳಿಟ್ಟು ತೋರಿಸಿದಳು.

“ರೀ, ವಂಶದ ಕಾಯಿಲೆ ಬಗ್ಗೆ ಸಲಹೆ ಕೊಡೋರಂತೆ, ಇವರ ಹತ್ರ ಒಂದ್ಸಲ ಕೇಳಬಾರದಾ?”

“ಅದು ಓದೋಕೆ ಬರದವರಿಗೆ ಕಣೇ!”

“ವಾಷಿಂಗ್ ಮಷೀನ್ ಪುಸ್ತಕಾನೂ ಓದಿದ್ರಿ. ನನ್ನ ಬಿಳಿ ಬೆಡ್‌ಶೀಟ್ ಇನ್ನೂ ನೀಲಿನೇ ಇದೆ!”

ನಿಯಮದಂತೆ ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಕೂತು, ಉಗುಳಲು ಶುರು ಮಾಡಿದೆ. ಅಯ್ಯೋ! ಕಚೇರಿಯಲ್ಲಿ ಗಂಟೆಗಟ್ಟಲೆ ತುಂತುರು ಹಾರಿಸಿ ಮಾತಾಡುವ ಬಾಯಿ, ಬೇಕೆಂದಾಗ ಬೇಸಿಗೆಯ ಬಾವಿ! ನಿಂಬೆಹಣ್ಣನ್ನು ಕಣ್ಣೆದುರಿಟ್ಟುಕೊಂಡೆ. ಉಗುಳಬೇಕೆನಿಸಲೆಂದು ಮೇಲಧಿಕಾರಿಯ ಮುಖವನ್ನೂ ನೆನೆಸಿಕೊಂಡೆ. ಬಾಯಿ ಇನ್ನಷ್ಟು ಒಣಗಿತು. ನಳಿಗೆಯ ಗೀಟಿಗೆ ಇನ್ನೂ ಒಂದು ಬೆರಳು ಬಾಕಿ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಲೋಟಕ್ಕೆ ಒರಗಿಸಿಟ್ಟು, “ಗೀಟು ಮುಟ್ಟಲೇಬೇಕು, ಇಲ್ಲಾಂದ್ರೆ ಎಲ್ಲಾ ದಂಡ” ಎಂದು ಮನೆಗೆಲ್ಲ ಕೇಳುವಂತೆ ಗೊಣಗಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಗೀಟು ಮುಟ್ಟಿದೆ! ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾದಿಟ್ಟ ಹಿಟ್ಟಿನಂತೆ ಇದೂ ತಾನಾಗಿ ಉಬ್ಬುತ್ತದೇನೋ ಎಂದುಕೊಂಡು, ಮುಚ್ಚಳ ಬಿಗಿದು ಕಳಿಸಿಬಿಟ್ಟೆ.

ಮೂರು ವಾರಕ್ಕೆ ಉತ್ತರ ಬಂತು: ‘ನಿಮ್ಮ ಮಾದರಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಡಿಎನ್‌ಎ ಇದೆ. ಫಲಿತಾಂಶ ಕೊಡಲಾಗದು.’

ಎರಡೆರಡು ಸಲ ಓದಿದೆ. ನನ್ನೊಳಗೆ ಇನ್ನೊಬ್ಬ! ಇಂಟರ್ನೆಟ್ಟಿನಲ್ಲಿ ಮುಳುಗಿ ಎದ್ದೆ. ಗರ್ಭದಲ್ಲೇ ಅವಳಿಗಳಲ್ಲಿ ಒಂದು ಇನ್ನೊಂದರಲ್ಲಿ ಕರಗಿಹೋಗುವುದು ಅಪರೂಪಕ್ಕೆ ಉಂಟಂತೆ. ಸಿಕ್ಕಿತು!

“ಅಮ್ಮಾ, ಹುಟ್ಟೋ ಮೊದಲೇ ನಾನೊಬ್ಬ ತಮ್ಮನನ್ನ ನುಂಗಿಬಿಟ್ಟಿದೀನಿ!” ಎನ್ನುತ್ತಾ ಅಡುಗೆಮನೆಗೆ ಓಡಿದೆ.

ತರಕಾರಿ ಹೆಚ್ಚುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. “ಇರಬೋದು ಕಣೋ. ಮೊದಲಿಂದ್ಲೂ ನಿಂಗೆ ಹಸಿವು ಜಾಸ್ತಿ.”

“ಅದಕ್ಕೇ ಅನ್ನಿ!” ಎಂದಳು ಹೆಂಡತಿ. “ತಿನ್ನೋಕೆ ಇಬ್ಬರು, ಕೆಲಸಕ್ಕೆ ಒಬ್ಬರೂ ಇಲ್ಲ.”

ನಾನೇನು ಸುಮ್ಮನಿರುವವನೇ? ಹಾಸಿಗೆಯ ಮೇಲಿನ ಒದ್ದೆ ಟವೆಲ್ಲು ತಮ್ಮನದು, ಆರಿಸದೆ ಬಿಟ್ಟ ದೀಪ ತಮ್ಮನದು ಎಂದು ಸಾರಿದೆ. “ಹಾಗಾದ್ರೆ ಪಾತ್ರೆ ತೊಳೆಯೋಕೂ ಮೈದುನನನ್ನೇ ಕಳಿಸಿ” ಎಂದಳು. ತೊಳೆದದ್ದು ನಾನೇ.

ಆದರೆ ನಗುವಿನ ಅಡಿಯಲ್ಲಿ ಎದೆ ಡವಡವ. ಅಪ್ಪನ ಹೃದಯ ಬಂದಿರುವುದು ನನಗೋ, ತಮ್ಮನಿಗೋ? ನಾನು ಎದೆ ಮುಟ್ಟಿ ಮುಟ್ಟಿ ನೋಡಿಕೊಳ್ಳುವುದನ್ನು ಕಂಡ ಹೆಂಡತಿ, ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲರ್ ಬಳಿಗೆ ಎಳೆದೊಯ್ದಳು. ಎರಡನೇ ಮಗನ ವಿಷಯವಲ್ಲವೇ, ಅಮ್ಮನೂ ಹೊರಟಳು.

ಕೌನ್ಸೆಲರ್ ಮೇಡಂ, ತಮ್ಮನ ಬಗ್ಗೆ ನಾನು ಬರೆದೊಯ್ದಿದ್ದ ಹದಿನೆಂಟು ಪುಟದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ಕೇಳಿದರು: “ನಳಿಗೆ ತುಂಬಿಸಿದ್ದು ಯಾರು?”

“ನಾನೇ.”

“ನೀವೊಬ್ಬರೇ?”

ಪಕ್ಕದಲ್ಲಿ ಹೆಂಡತಿ ಕೆಮ್ಮಿದಳು. “ಮೇಡಂ... ಇವರು ಅಷ್ಟು ಒದ್ದಾಡ್ತಿದ್ರು. ಪಾಪ ಅಂತ ನಾನೂ ಒಂಚೂರು...”

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬೆರಗಾದಳು: “ಓ, ನೀನೂ ಹಾಕಿದ್ಯಾ? ಅದಕ್ಕೇ ನಾನು ನೋಡಿದಾಗ ಸ್ವಲ್ಪವೇ ಬಾಕಿ ಇತ್ತು!” ಆಮೇಲೆ ಕೌನ್ಸೆಲರ್ ಕಡೆ ತಿರುಗಿ, “ನೋಡಮ್ಮಾ, ಹಾಲು ಮಾರಿ ಇವನನ್ನ ಓದಿಸಿದೋಳು ನಾನು. ಒಂದು ದಿನಾನೂ ಗೀಟಿಗಿಂತ ಕಡಿಮೆ ಅಳೆದಿಲ್ಲ. ಮನೆ ಮರ್ಯಾದೆ ಏನಾಗಬೇಕು?” ಎಂದಳು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಪಾಪ, ತಮ್ಮ ಹುಟ್ಟದೆಯೇ ತೀರಿಕೊಂಡ!

ಕೌನ್ಸೆಲರ್ ನಕ್ಕು ಕಣ್ಣೊರೆಸಿಕೊಂಡು, ಬಿಳಿ ಹಾಳೆಯ ಮೇಲೆ ಗಂಡಸರಿಗೊಂದು ಚೌಕ, ಹೆಂಗಸರಿಗೊಂದು ವೃತ್ತ ಹಾಕಿ ನಮ್ಮ ವಂಶವೃಕ್ಷ ಬರೆಯತೊಡಗಿದರು. ಯಾರಿಗೆ, ಯಾವ ವಯಸ್ಸಿಗೆ, ಏನಾಯಿತು? ನಾನು ಅಪ್ಪ, ಚಿಕ್ಕಪ್ಪನಿಗೇ ಮುಗಿಸಿದೆ. ಅಮ್ಮ ತಾತನ ಅಣ್ಣನವರೆಗೂ ಹೋದಳು. ಅಪ್ಪನ ಕಣ್ಣುರೆಪ್ಪೆಯ ಮೇಲಿದ್ದ ಹಳದಿ ಗಂಟನ್ನೂ ಬಿಡಲಿಲ್ಲ. ಅಲ್ಲಿ ಪೆನ್ನು ನಿಂತಿತು.

“ಉಗುಳಿಗಿಂತ ನಿಮ್ಮಮ್ಮನೇ ಹೆಚ್ಚು ಹೇಳಿದ್ರು ನೋಡಿ. ಆ ಹಳದಿ ಗಂಟು ಕೊಬ್ಬಿನದು; ಕೊಲೆಸ್ಟ್ರಾಲ್ ಏರಿಸೋ ಕಾಯಿಲೆ ವಂಶದಲ್ಲಿ ಇರಬಹುದು. ಇದ್ರೂ ಹೆದರಬೇಡಿ, ಮಾತ್ರೆ ಇದೆ. ಮೊದಲು ಸಾದಾ ರಕ್ತ ಪರೀಕ್ಷೆ, ಆಮೇಲೆ ಹೃದಯದ ಡಾಕ್ಟರು. ಜೀನ್ ಪರೀಕ್ಷೆ ಬೇಕಾದ್ರೆ ನಾವೇ ಮಾಡಿಸ್ತೀವಿ. ಆದ್ರೆ ಸಾರ್, ಈ ಸಲ ನೀವೊಬ್ಬರೇ!”

ವಂಶದ ಮೊದಲ ಪದವೀಧರನಾದ ನಾನು ತಲೆ ತಗ್ಗಿಸಿಕೊಂಡು ಕೆಳಗಿನ ಲ್ಯಾಬಿಗೆ ಹೋದೆ. ಸೂಜಿ ಕಂಡದ್ದೇ ಕಣ್ಣು ಮುಚ್ಚಿದೆ. ಲ್ಯಾಬಿನವನು ನಳಿಗೆಯನ್ನು ಬೆಳಕಿಗೆ ಹಿಡಿದು, “ಇನ್ನೂ ಸ್ವಲ್ಪ ಬೇಕು ಸಾರ್, ಗೀಟು ಮುಟ್ಟಿಲ್ಲ” ಎಂದ.

ಕಣ್ಣು ಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ಅಮ್ಮ ತೋಳು ಚಾಚಿ ಕೂತಾಗಿತ್ತು. ಅವಳ ಹಿಂದೆ ಸಾಲಿನಲ್ಲಿ, ಬಳೆ ಮೇಲೇರಿಸಿಕೊಳ್ಳುತ್ತಾ, ನನ್ನ ಹೆಂಡತಿ!