ಅರಿಷಿಣ ಹಚ್ಚಿದ ಮುಖ, ನನ್ನ ಕ್ಯಾಮೆರಾ

ಕನ್ನಡಿ ಸುಳ್ಳು ಹೇಳಿದರೆ ಜನ ನಂಬುತ್ತಾರೆ, ಫೋಟೋ ನಿಜ ಹೇಳಿದರೆ ಫೋಟೋ ತೆಗೆದವನನ್ನು ಬೈಯುತ್ತಾರೆ. ಹಾನಗಲ್ಲಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇತ್ತು. ಅಲ್ಲಿಗೆ ಬರಲಾಗದವರ ಊರಿಗೆ ನಾನೇ ಸೈಕಲ್ಲಿಗೆ ಕ್ಯಾಮೆರಾ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಹೋದಲ್ಲೆಲ್ಲ ಮುಖದ್ದೇ ಒಂದು ರಗಳೆ ಕಾದಿರುತ್ತಿತ್ತು.

ಹಿರೇಕೆರೂರಿನ ಹುಡುಗಿ

ಹಿರೇಕೆರೂರಿನ ವ್ಯಾಪಾರಿಯೊಬ್ಬರ ಮಗಳ ಫೋಟೋ ತೆಗೆಯಬೇಕಿತ್ತು. ವರನ ಕಡೆಯವರಿಗೆ ಕಳಿಸಲಿಕ್ಕೆ. ಮಗಳು ಚೆಂದ ಕಾಣಲೆಂದು ತಾಯಿ ವಾರದಿಂದ ಹಾಲಿನ ಕೆನೆಯಲ್ಲಿ ಅರಿಷಿಣ ಕಲಸಿ ಹಚ್ಚಿದ್ದರು. ಹುಡುಗಿ ಬಂಗಾರದ ಹಾಗೆ ಹೊಳೆಯುತ್ತಿದ್ದಳು. ಆದರೆ ನನ್ನ ಹತ್ತಿರ ಇದ್ದ ಫಿಲ್ಮಿಗೆ ಹಳದಿ ಅಂದರೆ ಆಗದು, ಅದನ್ನು ಕಪ್ಪು ಮಾಡಿಬಿಡುತ್ತಿತ್ತು.

"ಮಾರಿ ತೊಳಕೊಂಡು ಬರ್ಲಿ ರೀ," ಅಂದೆ.

ಹುಡುಗಿ ಎದ್ದೇ ಬಿಟ್ಟಳು. ತಾಯಿ ಕಣ್ಣು ಬಿಟ್ಟು ಕೂಡಿಸಿದರು. "ಅರಿಷಿಣ ಹಚ್ಚಿದ ಮಾರೀಗೆ ಸಾಬಾಣ ಹಚ್ಚತಾರೇನ್ರಿ? ನೀವು ಸುಮ್ನ ತಗೀರಿ."

ತೆಗೆದೆ. ಮುಂದಿನ ವಾರ ಫೋಟೋ ಒಯ್ದು ಕೊಟ್ಟೆ. ಸೀರೆ, ಬಳೆ, ಹಿಂದಿನ ಗೋಡೆ ಎಲ್ಲ ಚೊಕ್ಕಾಗಿ ಬಂದಿದ್ದವು, ಮುಖ ಮಾತ್ರ ಇರಲಿಲ್ಲ. ಬಾಗಿಲ ಮರೆಯಲ್ಲಿ ಹುಡುಗಿ ನಕ್ಕದ್ದು ಕೇಳಿಸಿತು. ಇನ್ನೊಮ್ಮೆ ಪುಕ್ಕಟೆ ತೆಗೆದುಕೊಡುತ್ತೇನೆಂದೆ.

ಅವಳ ಅಪ್ಪ ಕೈಮುಗಿದರು. "ಬ್ಯಾಡ್ರಿ. ಒಮ್ಮೆ ತಗದಿದ್ದಕ್ಕ ಮಾರಿ ಹೋತು. ಇನ್ನೊಮ್ಮೆ ತಗದ್ರ ಹುಡುಗೀನ ಹೋದಾಳು."

ಸವಣೂರಿನ ಅಣ್ಣ ತಮ್ಮ

ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರದ ಸಾಹೇಬರಿಬ್ಬರು, ಅಣ್ಣ ತಮ್ಮ, ಫೋಟೋಕ್ಕೆ ಕರೆಸಿದರು. ಅಣ್ಣನಾದವನು ಕುರ್ಚಿಯಲ್ಲಿ ಕೂಡಬೇಕು, ತಮ್ಮನಾದವನು ಪಕ್ಕದಲ್ಲಿ ನಿಲ್ಲಬೇಕು, ಇದು ಆಗಿನ ಪದ್ಧತಿ. ಮುಖದ ತುಂಬ ನೆರಿಗೆ ಇದ್ದವರನ್ನು ನಾನು ಮರ್ಯಾದೆಯಿಂದ ಕೈಹಿಡಿದು ಕುರ್ಚಿಗೆ ಕೂಡಿಸಿದೆ. ಕೂತವರು ಮುಳ್ಳು ಚುಚ್ಚಿದವರಂತೆ ಎದ್ದರು.

"ನಾ ತಮ್ಮ ರೀ."

ನುಣ್ಣಗೆ ಹೊಳೆಯುವ ಮುಖದ ಅಣ್ಣ ನಗುತ್ತ ಬಂದು ಕೂತರು. ನನಗೆ ನಾಚಿಕೆಯಾಯಿತು, ಆಸೆಯೂ ಆಯಿತು. "ಮಾರೀಗೆ ಏನ ಹಚ್ಚತೀರಿ ಸಾಹೇಬ್ರ?" ಎಂದು ಕೇಳಿದೆ.

"ಏನೂ ಇಲ್ಲ. ತಣ್ಣೀರು, ಕೊಬ್ರಿ ಎಣ್ಣಿ, ಎಲಿತೋಟದ ನೆರಳು. ನೀವು ಬಿಸಲಾಗ ಬರೇ ತಲೀಲೆ ತಿರಗತೀರಿ, ಒಂದು ಟೊಪಗಿ ಹಾಕ್ಕೋರಿ."

ಸಂತೆಯಿಂದ ಸಂತೆಗೆ ಎಲೆ ಹೊತ್ತು ತಿರುಗುವ ತಮ್ಮ ನಿಟ್ಟುಸಿರು ಬಿಟ್ಟರು. "ಪಾಲ ಆಗೂಮುಂದ ನೆರಳು ಅಣ್ಣಗ ಹೋತ್ರಿ, ಬಿಸಲು ನನ್ನ ಪಾಲಿಗೆ ಬಂತು."

ಹತ್ತಿಮತ್ತೂರಿನ ಅಜ್ಜಿ

ಸವಣೂರಿನ ಪೆಟ್ಟಿನಿಂದ ನಾನು ಕಲಿತದ್ದು ಒಂದೇ: ಫೋಟೋದಲ್ಲಿ ನೆರಿಗೆ ಕಂಡರೆ ತೆಗೆದುಬಿಡಬೇಕು. ಹತ್ತಿಮತ್ತೂರಿನ ಅಜ್ಜಿಯೊಬ್ಬಳ ಫೋಟೋ ತೆಗೆದವನು, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಒಂದೊಂದೇ ನೆರಿಗೆ ಅಳಿಸಿದೆ. ಫೋಟೋದಲ್ಲಿ ಅಜ್ಜಿ ಮೊಮ್ಮಗಳಿಗೆ ಅಕ್ಕನಾದಳು. ಶಾಬಾಸ್ ಅನ್ನುತ್ತಾಳೆಂದು ಕಾದೆ.

ಅಜ್ಜಿ ಫೋಟೋ ದೂರ ಹಿಡಿದಳು, ಹತ್ತಿರ ಹಿಡಿದಳು. "ಯಾರಪಾ ಇಕಿ?"

"ನೀವ ಅಜ್ಜಿ. ನೆರಿಗಿ ತಗದೇನಿ."

"ಎಂಟು ಮಕ್ಕಳ ಹಡದು, ಮೂವರು ಸೊಸ್ತೇರ ಕೂಡ ಜಗಳಾಡಿ ಗಳಿಸಿದ್ದು ಅದು. ನಿನ್ನ ಯಾರು ತಗಿ ಅಂದ್ರು? ತಿರುಗಿ ಹಾಕಿ ತಾ."

ನನ್ನ ಸರದಿ

ಊರವರ ಮುಖ ತಿದ್ದುತ್ತ ತಿದ್ದುತ್ತ ನನ್ನ ಮುಖ ಕೆಟ್ಟಿತ್ತು. ಸವಣೂರಿನ ಸಾಹೇಬರ ಮಾತು ಕೇಳದೆ ಬರಿದಲೆಯಲ್ಲಿ ಸೈಕಲ್ ತುಳಿದು ಮೂಗಿನ ಸಿಪ್ಪೆ ಏಳುತ್ತಿತ್ತು. ಹೆಣ್ಣು ನೋಡಲು ಹೋದ ಎರಡು ಕಡೆ "ಹುಡುಗನ ವಯಸ್ಸು ಮುಚ್ಚಿಟ್ಟೀರಿ" ಎಂದು ಬೇಡವೆಂದರು. ನನಗಂತೂ ಮದುವೆಯ ಆಸೆಯೇ ಬತ್ತಿತ್ತು. ಅವ್ವ ಮಾತ್ರ ಬಿಡಲಿಲ್ಲ. ಎಣ್ಣೆ ತಿಕ್ಕಿದಳು, ಕಡ್ಲಿಹಿಟ್ಟು ಮೊಸರು ಬಳಿದಳು. ಮಂದಿ ನನ್ನನ್ನು ನೋಡಿ ಬಜಿ ಕರಿಯೋದು ಯಾವಾಗ ಎಂದು ಕೇಳಿದರು.

ಆಗಲೇ ಮದುವೆ ಮಾಡಿಸುವ ಒಬ್ಬರು ಒಂದು ಫೋಟೋ ತಂದರು. ಅವ್ವ ಬೆಳಕಿಗೆ ಹಿಡಿದು ನೋಡಿದಳು. "ಹುಡುಗಿ ಮಾರೀನ ಕಾಣವಲ್ದಲ್ಲೋ."

ಆ ಸೀರೆ, ಆ ಗೋಡೆ ನಾನು ಮರೆಯುವವನೇ? "ಹುಡುಗಿ ಭಾಳ ಚಲೋ ಅದಾಳವ್ವ. ಫೋಟೋ ತಗದಾಂವ ಸರಿ ಇಲ್ಲ."

"ಯಾವಾಂವ ಅಂವಾ?"

"ನಾನ."

ಹಿರೇಕೆರೂರಿಗೆ ಹೋದೆವು. ಹುಡುಗಿಯ ಅಪ್ಪ ನನ್ನನ್ನು ಕಂಡವರೇ "ಪೆಟಿಗಿ ತಂದಿಲ್ಲ ಹೌದಲ್ರಿ?" ಎಂದು ಖಾತ್ರಿ ಮಾಡಿಕೊಂಡು ಒಳಗೆ ಕರೆದರು. ಆ ಫೋಟೋ ನೋಡಿ ಎಷ್ಟೋ ಮಂದಿ ಬೇಡವೆಂದಿದ್ದರಂತೆ. ಈ ಹುಡುಗಿಯೂ ಒಲ್ಲೆ ಅಂದರೆ ಅದು ನ್ಯಾಯವೇ ಸರಿ. ಏನಾದರೂ ಕೇಳುವುದಿದ್ದರೆ ಕೇಳವ್ವ ಎಂದು ಅವ್ವ ಅಂದಳು. ಹುಡುಗಿ ನನ್ನ ಮೂಗು ನೋಡಿದಳು.

"ಬಿಸಲಾಗ ಹೋಗೂಮುಂದ ಟೊಪಗಿ ಹಾಕ್ಕೋತಾರೇನು ಕೇಳ್ರಿ."

"ಇವತ್ತಿನಿಂದ ಹಾಕ್ಕೋತೇನಿ," ಅಂದೆ. ಅಲ್ಲಿಗೆ ಮದುವೆ ಗಟ್ಟಿಯಾಯಿತು.

ಮದುವೆ ಫೋಟೋಕ್ಕೆ ಶಿಗ್ಗಾವಿಯಿಂದ ಒಬ್ಬನನ್ನು ಕರೆಸಿದೆ. ನಮ್ಮಿಬ್ಬರಿಗೂ ಅರಿಷಿಣ ಮೆತ್ತಿದ್ದರು. ಮುಖ ತೊಳೆದು ಬರುತ್ತೇವೆಂದರೆ ಅವ್ವ, ಅತ್ತೆ ಇಬ್ಬರೂ ಒಂದೇ ದನಿಯಲ್ಲಿ "ಇವತ್ತ ತೊಳೀತಾರೇನು?" ಎಂದು ಗದರಿಸಿದರು. ವಾರದ ಮೇಲೆ ಫೋಟೋ ಬಂತು. ಬಾಸಿಂಗ ಇತ್ತು, ಹಾರ ಇತ್ತು, ಇಬ್ಬರಿಗೂ ಮುಖ ಇರಲಿಲ್ಲ. ಕಸುಬುದಾರನ ಮದುವೆಗೇ ಹೀಗಾಯಿತಲ್ಲ ಎಂದು ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ಹೆಂಡತಿ ಒಳಗೆ ಹೋಗಿ ಟ್ರಂಕಿನಿಂದ ತನ್ನ ಹಳೇ ಫೋಟೋ ತಂದು ಪಕ್ಕಕ್ಕಿಟ್ಟು ನೋಡಿದಳು.

"ಪಾಪ, ಇಷ್ಟ ದಿನ ಇದು ಒಂದ ಇತ್ತು. ಈಗ ಜೋಡಿ ಸಿಕ್ತು ನೋಡ್ರಿ."