ಗಿರಿಜಾ ಅವರನ್ನು ಏನೆಂದೂ ಕರೆಯದೆ ಕಳೆದ ದಿನಗಳು

ಯಾರ ಮನಸ್ಸೂ ನೋಯಬಾರದೆಂದು ನಾನು ಎಷ್ಟು ಹೆದರುತ್ತೇನೆಂದರೆ, ಆ ಹೆದರಿಕೆಯಲ್ಲೇ ನೋಯಿಸಿಬಿಡುತ್ತೇನೆ. ಹಡಗಲಿಯ ನಮ್ಮ ಕಚೇರಿಗೆ ಗಿರಿಜಾ ಬಂದದ್ದು ಒಂದು ಮಂಗಳವಾರ. ನಮ್ಮ ಕಡೆ ಮಂಗಳವಾರ ಜೋಗಮ್ಮಂದಿರು ದೇವಿಯ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಾರೆ. ಅವರಲ್ಲಿ ಕೆಲವರು, ಮನೆಯವರು ಗಂಡೆಂದು ಬೆಳೆಸಿದರೂ ಹೆಣ್ಣಾಗಿ ನಿಂತವರು. ಅಂಥವರು ಬಂದರೆ ನಮ್ಮವ್ವ ಮೊರದ ತುಂಬ ಜೋಳ ನೀಡಿ, ನನ್ನಿಂದ ಅವರ ಕಾಲು ಮುಟ್ಟಿಸುತ್ತಿದ್ದಳು. ಆ ರೂಢಿ ಮೈಗೆ ಹತ್ತಿದ ನಾನು, ಎತ್ತರದ ನಿಲುವು, ಹಸಿರು ಸೀರೆ, ಹಣೆ ತುಂಬ ಕುಂಕುಮ ಕಂಡದ್ದೇ ಎದ್ದು ಕೈಮುಗಿದು, “ಸಾಹೇಬ್ರಿಲ್ಲ ತಾಯಿ, ಮುಂದಿನ ವಾರ ಬರ್ರಿ” ಅಂದೆ. “ಮುಂದಿನ ವಾರಾನೂ ಬರ್ತೀನ್ರಿ, ದಿನಾ ಬರ್ತೀನಿ. ನನಗ ಇಲ್ಲೇ ಕೆಲಸ ಆಗೈತಿ” ಎಂದು ಗಿರಿಜಾ ನೇಮಕಾತಿ ಪತ್ರ ಮುಂದಿಟ್ಟರು. ಲಿಂಗತ್ವ ಅಲ್ಪಸಂಖ್ಯಾತರ ಮೀಸಲಾತಿಯಲ್ಲಿ ಗುಮಾಸ್ತೆಯಾಗಿ ಆಯ್ಕೆಯಾದವರು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಇನ್ನು ತಾಯಿ ಎನ್ನುವಂತಿಲ್ಲ. ಮೇಡಂ ಎಂದರೆ ನಾಟಕವೆನಿಸೀತೇ? ಅಕ್ಕಾರ ಎಂದರೆ ಸಲಿಗೆಯಾದೀತೇ? ಕಚೇರಿಯ ಉಳಿದ ಹೆಂಗಸರೆಲ್ಲರಿಗೂ ಅಕ್ಕಾರ ಎನ್ನುವ ನಾನು, ಇವರೊಬ್ಬರಿಗೆ ಏನೂ ಅನ್ನದೆ ದಿನ ತಳ್ಳಿದೆ. “ಚಾ ಆತೇನು?” ಎಂದು ಗೋಡೆಯನ್ನು ಕೇಳುತ್ತಿದ್ದೆ. “ಆ ಕಡತ ಇತ್ತಾಗ ಬಂದ್ರ ಚಲೋ” ಎಂದು ಫ್ಯಾನಿಗೆ ಹೇಳುತ್ತಿದ್ದೆ. ಗಿರಿಜಾ ಎದ್ದು ಬಂದು ಕಡತ ಕೊಡುತ್ತಿದ್ದರು. “ಆಕಿನ್ನ ಕೇಳಿದ್ರ ಮುಗೀತಲ್ರಿ” ಎಂದಳು, ಮನೆಯಲ್ಲಿ ಇದನ್ನೆಲ್ಲ ಕೇಳಿದ ಹೆಂಡತಿ. ಕೇಳಿದರೆ ಬೇಜಾರಾದರೆ ಎಂದು ಅದಕ್ಕೂ ಹೆದರಿದೆ.

ಗಿರಿಜಾ ಉಚ್ಚಂಗಿದುರ್ಗದಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಹಡಗಲಿಯಲ್ಲಿ ಬಾಡಿಗೆಗೆ ಮನೆ ಕೇಳಿದಲ್ಲೆಲ್ಲ ಇಲ್ಲವೆನಿಸಿಕೊಂಡ ಅವರಿಗೆ, ಕೊನೆಗೆ ನಮ್ಮ ಬೀದಿಯ ಗಂಗಮ್ಮನವರ ಕೋಣೆ ಇನ್ನೇನು ಸಿಗುವಂತಿತ್ತು. ಗಂಗಮ್ಮ ನನ್ನನ್ನು ನಿಲ್ಲಿಸಿ, “ನಿಮ್ಮ ಆಫೀಸಿನ ಗಿರಿಜಾ ಹೆಂಗ್ರಿ?” ಎಂದರು. “ಕೆಲಸ ಚಲೋ... ಅಂದ್ರ... ತೊಂದ್ರಿ ಏನಿಲ್ಲ ಅನ್ನಸ್ತೈತಿ” ಎಂದು ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮರುದಿನವೇ ಅವರು ಕೋಣೆ ಇಲ್ಲವೆಂದರಂತೆ. “ಇನ್ನ ಬಸ್ಸಿನಾಗ ಸಂಸಾರ ನೋಡ್ರಿ” ಎಂದು ಗಿರಿಜಾ ಊಟ ಮಾಡದೆ ಡಬ್ಬಿ ಮುಚ್ಚಿದಾಗ ನನಗೆ ಬಹಳ ನಾಚಿಕೆಯಾಯಿತು. ಕೊನೆಗೂ ಅವರ ಮುಖ ನೋಡಿ, “ನಿಮಗ ಏನಂತ ಕರೀಲ್ರಿ?” ಎಂದೆ.

“ಉಳಿದೋರಿಗೆ ಏನಂತೀರಿ?”

“ಅಕ್ಕಾರ ಅಂತೀನ್ರಿ.”

“ಮತ್ತ ನನಗೇನು ಬ್ಯಾರೆ ಹುಡುಕ್ತೀರಿ?”

ಆ ಸಂಜೆಯೇ ಗಂಗಮ್ಮನವರ ಮನೆಗೆ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಶುರುಮಾಡಿದೆ. “ಗಿರಿಜಾ ಅಕ್ಕಾರು ಭಾಳ ಒಳ್ಳೇ ಹೆಣ್ಮಗಳ್ರಿ. ಅವ್ರನ್ನ ನಾವೆಲ್ಲಾ ಗೌರವದಿಂದ...”

ಗಂಗಮ್ಮ ತಡೆದರು. “ಆಕಿ ಒಳ್ಳೇಕಿ ಅಂತ ನನಗೂ ಗೊತ್ತೈತ್ರಿ. ಇಲ್ಲೇ ಕುಂತು ತಾಸೊತ್ತು ಮಾತಾಡಿ ಹೋಗ್ಯಾಳ. ಹೆಸರು ಕೇಳಿದ ಕೂಡ್ಲೆ ನೀವು ಬೆವತ್ರಲ್ಲ, ಅದನ್ನ ನೋಡಿ ಹೆದರಿದೆ. ನಾಳೆ ಬಂದು ಕೀಲಿ ತಗೊಂಡು ಹೋಗಾಕ ಹೇಳ್ರಿ. ನೀವು ಮಾತ್ರ ಜೊತಿಗೆ ಬರಬ್ಯಾಡ್ರಿ.”

ಕೋಣೆ ಸಿಕ್ಕ ಸುದ್ದಿಯನ್ನು ಅಕ್ಕಾರಿಗೆ ಫೋನಿನಲ್ಲೇ ಹೇಳಿದೆ. ಗಂಗಮ್ಮನವರ ಕೊನೆಯ ಮಾತನ್ನು ಮಾತ್ರ ಹೇಳಲಿಲ್ಲ.