ನನ್ನ ಇಂಗ್ಲಿಷ್ ಕ್ಲಾಸಿನಲ್ಲಿ ಅವ್ವ

ಕೆಲವರಿಗೆ ಆಪತ್ತು ವರ್ಷಕ್ಕೊಮ್ಮೆ ಬರುತ್ತದೆ. ನನಗೆ ದಿನಾ ಸಂಜೆ ನಾಲ್ಕೂವರೆಗೆ, ಟೈಮ್ ತಪ್ಪದೆ ಬರುತ್ತದೆ. ಹಾನಗಲ್ಲಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಪರದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಸಂಸ್ಥೆಯೊಂದರ ಪರವಾಗಿ ಪಾಠ ಹೇಳುವುದು ನನ್ನ ಕೆಲಸ. ಇದ್ದ ಶಾಲೆಯ ನೌಕರಿ ಬಿಟ್ಟು ಇದನ್ನು ಹಿಡಿದಿದ್ದೆ. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಷರತ್ತು ಒಂದೇ: ಪಾಠದ ಹೊತ್ತಿನಲ್ಲಿ ಶಿಕ್ಷಕಿಯ ಹೊರತು ಇನ್ನೊಬ್ಬರ ಮುಖ ಕಾಣಬಾರದು, ದನಿ ಕೇಳಬಾರದು. ಕೇಳಿದರೆ ಕೆಲಸ ಹೋದ ಹಾಗೆಯೇ. ಇದಕ್ಕೆ ಸಹಿ ಹಾಕುವಾಗ ಮನೆಯಲ್ಲಿ ಅವ್ವ ಇದ್ದಾಳೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಸಿದವರಿಗೆ ಪಾಠವಿಲ್ಲ

ಮೊದಲ ದಿನ. ವಿದ್ಯಾರ್ಥಿಗಳು ಇಬ್ಬರೇ: ಜಪಾನಿನ ನಿವೃತ್ತ ಯಜಮಾನರೊಬ್ಬರು, ಬ್ರೆಜಿಲ್‌ನ ನರ್ಸ್ ಒಬ್ಬಳು. ನಮಸ್ಕಾರ ಹೇಳುವಷ್ಟರಲ್ಲಿ ಅವ್ವ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಳು.

"ಯಾರ್ ಬಂದಾರ?"

"ಯಾರೂ ಬಂದಿಲ್ಲ ಬೇ. ಅವರು ಜಪಾನಿನ್ಯಾಗ ಅದಾರ. ನೀ ಒಳಗ ಹೋಗ."

"ಅಷ್ಟ ದೂರದಿಂದ ಬಂದಾರ, ಊಟ ಆಗೇತೇನಂತ ಕೇಳಿದ್ಯೋ ಇಲ್ಲೋ?" ಎಂದವಳೇ ಪರದೆಗೆ ಬಗ್ಗಿ, "ಊಟ ಆತೇನ್ರಿ?" ಅಂದಳು.

ಮುಖವೂ ಆಯಿತು, ದನಿಯೂ ಆಯಿತು. ಅವಳು ಕೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳದೆ ಬೇರೆ ದಾರಿ ಇರಲಿಲ್ಲ. ನರ್ಸಿಗೆ ಆಗ ಬೆಳಗಿನ ಎಂಟು, ಕಾಫಿ ಆಗಿದೆ ಅಂದಳು. ಯಜಮಾನರಿಗೆ ರಾತ್ರಿ ಎಂಟು, ಪಾಠ ಮುಗಿಸಿ ಉಣ್ಣುತ್ತೇನೆ ಅಂದರು.

"ಹಸದ ಹೊಟ್ಟಿಗೆ ಪಾಠ ಹತ್ತೂದಿಲ್ಲ. ಉಂಡ ಬರ್ರಿ ಅಂತ ಹೇಳ ಅವರಿಗೆ," ಅಂದಳು ಅವ್ವ.

ಹೇಳಿದೆ. ಆ ಶಿಸ್ತಿನ ಮನುಷ್ಯ ಎದ್ದು, ತಲೆಬಾಗಿ, ಹೊರಟೇ ಹೋದರು. ಇಪ್ಪತ್ತು ನಿಮಿಷ ನಾನೂ ನರ್ಸೂ ಖಾಲಿ ಕುರ್ಚಿ ನೋಡುತ್ತ ಕೂತೆವು. ಮರಳಿ ಬಂದವರು ಬಟ್ಟಲನ್ನು ಕ್ಯಾಮೆರಾಕ್ಕೆ ಹಿಡಿದು, ಖಾಲಿ ಮಾಡಿದ್ದೇನೆಂದು ಅವ್ವನಿಗೆ ತೋರಿಸಿದರು.

ಅವ್ವ ನನಗೆ ಹೇಳಿದಳು: "ಎರಡನೇ ಸಲ ಅನ್ನ ಹಾಕಿಸ್ಕೊಂಡ್ರೇನ ಕೇಳ."

ಸವಣೂರಿನ ಮೌನ

ಒಂದು ದಿನ ಹಾನಗಲ್ಲಿನಲ್ಲಿ ಲೈನ್ ರಿಪೇರಿ, ಸಂಜೆಯವರೆಗೂ ಕರೆಂಟಿಲ್ಲ ಅಂದರು. ಸವಣೂರಿನ ಅಕ್ಕನ ಮನೆಗೆ ಓಡಿದೆ. "ಒಬ್ಬರೂ ಮಾತಾಡಬಾರದಕ್ಕಾ, ನನ್ನ ನೌಕರಿ ಹೋಗತೈತಿ," ಎಂದು ಕೈಮುಗಿದೆ. ಅಕ್ಕ ಓಣಿಗೆಲ್ಲ ಹೇಳಿ ಬಂದಳು.

ಓಣಿ ಮಾತು ಉಳಿಸಿಕೊಂಡಿತು. ಪಿಟ್ಟೆನ್ನದ ಮೌನದಲ್ಲಿ ಪಾಠ ನಡೆದು, ಎಷ್ಟೋ ದಿನಗಳ ಮೇಲೆ ನನ್ನ ಜೀವ ಸ್ವಲ್ಪ ನಿರಾಳವಾಯಿತು. ಅರ್ಧ ಪಾಠದಲ್ಲಿ ನರ್ಸ್ ದನಿ ತಗ್ಗಿಸಿ ಕೇಳಿದಳು, "ಕ್ಷಮಿಸಿ ಮೇಡಂ, ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು?"

ಹೊರಳಿ ನೋಡಿದೆ. ಬಾಗಿಲಲ್ಲಿ, ಕಿಟಕಿಯಲ್ಲಿ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಮಾತು ಹೊರಬಿದ್ದೀತೆಂದು ಒಬ್ಬೊಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಯಾರೂ ಸತ್ತಿಲ್ಲ. ನಿನ್ನನ್ನು ನೋಡಲು ಬಂದಿದ್ದಾರೆ," ಅಂದೆ.

ಅವಳು ಎದ್ದು ಹೋಗಿ ತಲೆ ಬಾಚಿಕೊಂಡು ಬಂದಳು.

ಎಲ್ಲಿಗೆ ಹೊರಟಿರಿ?

ಹಿರೇಕೆರೂರಿನ ಮದುವೆಯೊಂದಕ್ಕೆ ಹೋಗಿದ್ದೆ, ಊಟ ಮುಗಿಸಿ ಬಸ್ಸು ಹಿಡಿಯುವಷ್ಟರಲ್ಲಿ ತಡವಾಯಿತು. ನಾಲ್ಕೂವರೆ ಆದಾಗ ಬಸ್ಸು ಇನ್ನೂ ಅರ್ಧ ದಾರಿಯಲ್ಲಿತ್ತು. ಬೆವರುತ್ತಲೇ ಫೋನು ತೆಗೆದು, ಪಕ್ಕದವರು ಕಾಣದ ಹಾಗೆ ಮೂಗಿನ ಹತ್ತಿರ ಹಿಡಿದು ಪಾಠ ಶುರು ಮಾಡಿದೆ. ಅಂದಿನ ಪಾಠ, ಪ್ರಯಾಣದ ಸಂಭಾಷಣೆ. ಯಜಮಾನರನ್ನು ಇಂಗ್ಲಿಷಿನಲ್ಲಿ ಕೇಳಿದೆ, "ನೀವು ಎಲ್ಲಿಗೆ ಹೊರಟಿದ್ದೀರಿ?" ಸಿಗ್ನಲ್ ಸರಿ ಇರಲಿಲ್ಲ. ಮತ್ತೆ ಕೇಳಿದೆ. ಮೂರನೇ ಸಲ ಕೇಳುವಾಗ, ತಮ್ಮನ್ನೇ ಕೇಳುತ್ತಿದ್ದೇನೆ ಅಂದುಕೊಂಡಿದ್ದ ಪಕ್ಕದ ಸೀಟಿನ ಅಜ್ಜ ಸಿಟ್ಟಿಗೆದ್ದರು.

"ಎಷ್ಟ್ ಸಲ ಹೇಳೂದಬೇ? ತಿಳವಳ್ಳಿಗೆ. ತಿಳವಳ್ಳಿ!"

ಆಗಲೇ ಸಿಗ್ನಲ್ ಬಂತು. ಯಜಮಾನರು ಇದೇ ಉತ್ತರವೆಂದು ತಿಳಿದು, "ತಿಳವಳ್ಳಿ," ಎಂದು ಶ್ರದ್ಧೆಯಿಂದ ಹೇಳಿದರು. ಬರೆದೂ ಇಟ್ಟುಕೊಂಡರು. ಇವತ್ತಿಗೂ ಎಲ್ಲಿಗೆ ಹೊರಟಿರಿ ಅಂದರೆ ಅವರು ಬೇರೆ ಊರಿನ ಹೆಸರು ಎತ್ತುವುದಿಲ್ಲ.

ಮೇಲ್ವಿಚಾರಕಿ ಬಂದ ದಿನ

ಮೂರು ತಿಂಗಳು ಮುಗಿಯುವಾಗ, ಮೇಲ್ವಿಚಾರಕಿ ನಿಮ್ಮ ಪಾಠ ನೋಡುತ್ತಾರೆ ಎಂದು ಪತ್ರ ಬಂತು. ನನಗೆ ಊಟ ಸೇರಲಿಲ್ಲ. ಇದೂ ಹೋದರೆ ಬಿಟ್ಟ ಶಾಲೆಯ ಬಾಗಿಲಿಗೆ ಮತ್ತೆ ಹೋಗಿ ನಿಲ್ಲಬೇಕು.

"ಒಂದ ತಾಸು ಬಾಜೂ ಮನೀಗೆ ಹೋಗ ಬೇ, ನಿನ್ನ ಕಾಲಿಗೆ ಬೀಳ್ತೇನಿ," ಅಂದೆ.

"ಊಟ ಆತೇನಂತ ಕೇಳೂದೂ ತಪ್ಪಾತೇನ ಈಗ?" ಎನ್ನುತ್ತ ಅವ್ವ ಮುಖ ಸಣ್ಣ ಮಾಡಿಕೊಂಡು ಹೋದಳು. ನನಗೆ ಕೆಡುಕೆನಿಸಿತು, ಆದರೂ ಬಾಗಿಲು ಹಾಕಿಕೊಂಡೆ.

ಪಾಠ ಶುರುವಾಯಿತು. ಇಬ್ಬರೂ ಪುಸ್ತಕ ತೆರೆಯಲಿಲ್ಲ. ದಿನಾ ಅವ್ವ ಬಂದು ನಿಲ್ಲುತ್ತಿದ್ದ ನನ್ನ ಬೆನ್ನ ಹಿಂದೆಯೇ ನೋಡುತ್ತಿದ್ದರು.

"ತಾಯಿ ಎಲ್ಲಿ?" ಅಂದರು ಯಜಮಾನರು. ಹೊರಗೆ ಹೋಗಿದ್ದಾಳೆ ಅಂದೆ. ನಂಬಲಿಲ್ಲ. ನರ್ಸ್ ಶುರು ಮಾಡಿದಳು: ಜ್ವರವೇ? ಎಷ್ಟು ದಿನದಿಂದ? ಡಾಕ್ಟರು ಏನಂದರು? ಹೊಟ್ಟೆಗೆ ಏನು ಕೊಟ್ಟಿರಿ? ಮೂರು ತಿಂಗಳು ಬಾಯಿ ಬಿಡಿಸಲು ನಾನು ಪಟ್ಟ ಪಾಡೆಲ್ಲ ಅಂದು ಫಲ ಕೊಟ್ಟಿತು, ಕೊಡಬಾರದ ಹೊತ್ತಿನಲ್ಲಿ. ಯಜಮಾನರು ಖಾಲಿ ಬಟ್ಟಲು ಎತ್ತಿ ಹಿಡಿದು, "ನಾನು ಉಂಡಿದ್ದೇನೆ. ಇದನ್ನು ಅವರಿಗೆ ತಿಳಿಸಬೇಕು," ಎಂದು ಹಟ ಹಿಡಿದರು. ಮೇಲ್ವಿಚಾರಕಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕೊನೆಗೆ ಅವರು ಯಜಮಾನರಿಗೆ ಒಂದೇ ಪ್ರಶ್ನೆ ಕೇಳಿದರು: ಇಂಗ್ಲಿಷ್ ಕಲಿತು ಎಲ್ಲಿಗೆ ಹೋಗಬೇಕೆಂದಿದ್ದೀರಿ?

ನಾನು ಕಣ್ಣು ಮುಚ್ಚಿಕೊಂಡೆ.

"ತಿಳವಳ್ಳಿ," ಅಂದರು.

ಎರಡು ದಿನ ಬಿಟ್ಟು ಪತ್ರ ಬಂತು. ಕೆಲಸ ಕಾಯಂ. ವಿದ್ಯಾರ್ಥಿಗಳು ತಾವಾಗಿಯೇ ಇಷ್ಟು ಮಾತಾಡಿದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದಿತ್ತು. ಕೆಳಗೆ ಒಂದು ಆಕ್ಷೇಪ: "ನಿಮ್ಮ ಸಹಾಯಕ ಶಿಕ್ಷಕಿ ಆ ದಿನ ಮುಂಚೆ ತಿಳಿಸದೆ ಗೈರುಹಾಜರಾಗಿ ವಿದ್ಯಾರ್ಥಿಗಳನ್ನು ಗಾಬರಿಪಡಿಸಿದ್ದಾರೆ. ಇನ್ನು ಮುಂದೆ ಅವರು ರಜೆಗೆ ಒಂದು ದಿನ ಮೊದಲೇ ಅರ್ಜಿ ಕೊಡತಕ್ಕದ್ದು."

ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

"ಹಂಗಾರ ಈಗ ಬರಿ. ನಾಳೆ ತಡಸದಾಗ ಬಸರ ಹುಡುಗಿಗೆ ಕುಬಸದ ಕಾರ್ಯ ಐತಿ, ನಾ ಬರೂದಿಲ್ಲ."

"ಕಾರಣ ಏನಂತ ಬರೀಲಿ?"

"ಊಟಕ್ಕ ಕರದಾರ ಅಂತ ಬರಿ. ಆ ಜಪಾನಿನವರಿಗೆ ತಿಳೀತೈತಿ."